ಕ್ಯಾರೆಟ್ ಸುದ್ದಿಯಲ್ಲಿ ಕಾಣೆಯಾದ ಸಾಲು

ಇತ್ತಲಾರಿನ ಕ್ಯಾರೆಟ್ ಸುದ್ದಿಯಿಂದ ಆ ಒಂದು ಸಾಲು ಮೂರನೆಯ ಸಲ ಮಾಯವಾದ ದಿನ, ಕಳ್ಳರು ಯಾರೆಂಬುದರಲ್ಲಿ ವಸಂತಕುಮಾರ್‌ಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಊಟಿಯ ಆ ಸುದ್ದಿ ವೆಬ್‌ಸೈಟಿನ ಆಫೀಸಿನಲ್ಲಿ ಇದ್ದವರೇ ಇಬ್ಬರು. ಒಬ್ಬ ತಾನು, ಇನ್ನೊಬ್ಬಳು ಕೈಕೆಳಗಿನ ಹುಡುಗಿ ಸರಣ್ಯಾ.

ಸಾಲೇನೂ ದೊಡ್ಡದಲ್ಲ. ಇತ್ತಲಾರಿನಲ್ಲಿ ಹಳ್ಳದ ಪಕ್ಕ ಶಕ್ತಿವೇಲ್ ಎಂಬಾತ ಕ್ಯಾರೆಟ್ ತೊಳೆಯುವ ಯಂತ್ರ ಇಟ್ಟಿದ್ದಾನೆ. ಹೊಲದಿಂದ ಬಂದ ಕ್ಯಾರೆಟ್ಟನ್ನು ಮೇಟ್ಟುಪಾಳ್ಯದ ಮಂಡಿಗೆ ಕಳಿಸುವ ಮೊದಲು ಅಲ್ಲಿ ತೊಳೆದು, ಕೆಸರುನೀರನ್ನು ಹಾಗೇ ಹಳ್ಳಕ್ಕೆ ಬಿಡುತ್ತಾನೆ. ಕೆಳಗಿನ ಹಟ್ಟಿಯವರು ಕುಡಿಯುವುದು ಅದೇ ನೀರು. ‘ಶಕ್ತಿವೇಲ್ ಅವರ ಈ ಘಟಕಕ್ಕೆ ಪರವಾನಗಿ ಇಲ್ಲ’ ಎಂಬುದೇ ಆ ಸಾಲು. ಅದೊಂದು ಹೋದರೆ, ಯಾರೋ ಎಲ್ಲೋ ಏನೋ ತೊಳೆದರು ಎಂಬ ಅಜ್ಜಿಕಥೆ ಉಳಿಯುತ್ತದೆ ಅಷ್ಟೆ. ಮೇಲಾಗಿ ಆ ಹಟ್ಟಿ ವಸಂತಕುಮಾರ್‌ನದೇ ಹಟ್ಟಿ.

ಇಪ್ಪತ್ತಾರು ವರ್ಷ ಅವನು ಅಚ್ಚಿನ ಪತ್ರಿಕೆಯಲ್ಲಿ ಬೆವರು ಸುರಿಸಿದವನು. ಅಲ್ಲಿ ಅವನ ಬರಹವನ್ನೆಲ್ಲ ನೋಡಿದವರು ಪ್ರೂಫ್ ತಿದ್ದುವ ರಾಜೇಂದ್ರನ್. ಅವರು ಕೆಂಪು ಶಾಯಿಯಲ್ಲಿ ತಿದ್ದಿ ಅಂಚಿನಲ್ಲಿ ತಮ್ಮ ಸಹಿ ಹಾಕುವರು. ಅಕ್ಷರ ತಿದ್ದುವುದು, ವಿಷಯ ಮುಟ್ಟಬಾರದು, ಇದು ಅವರ ವ್ರತ. ಒಮ್ಮೆ ಅವರ ಸ್ವಂತ ತಮ್ಮನೇ ಕುಡಿದು ಜೀಪು ಓಡಿಸಿ ಪೊಲೀಸರ ಕೈಗೆ ಸಿಕ್ಕ ಸುದ್ದಿ ಮೇಜಿಗೆ ಬಂತು. ರಾಜೇಂದ್ರನ್ ತಮ್ಮನ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಅಕ್ಷರ ಸೇರಿಸಿ, ಸಹಿ ಹಾಕಿ, ಅಚ್ಚಿಗೆ ಕಳಿಸಿದ್ದರು.

ಪತ್ರಿಕೆಯ ಊಟಿ ಆಫೀಸು ಮುಚ್ಚಿದ ಮೇಲೆ ವಸಂತಕುಮಾರ್ ಮುರಳೀಧರನ್ ಎಂಬವರ ಸುದ್ದಿ ವೆಬ್‌ಸೈಟಿಗೆ ಸಂಪಾದಕನಾಗಿ ಬಂದ. ಕೆಲಸ ಹೊಸದು, ಚಾಳಿ ಹಳೆಯದು. ಇನ್ನೊಂದು ಕಣ್ಣು ಬೀಳದ ಬರಹ ಅವನಿಗೆ ಉಪ್ಪಿಲ್ಲದ ಸಾರು. ನಿವೃತ್ತರಾಗಿ ಮನೆಯಲ್ಲಿದ್ದ ರಾಜೇಂದ್ರನ್‌ಗೆ ಅವನು ತನ್ನ ಪಾಸ್‌ವರ್ಡನ್ನೇ ಕೊಟ್ಟುಬಿಟ್ಟಿದ್ದ. ದಿನಾ ಸಂಜೆ ಎಂಟರ ಮೇಲೆ ಅವರು ಮೊಬೈಲಿನಲ್ಲಿ ಓದಿ ಕಾಗುಣಿತ ಸರಿಮಾಡುವರು. ಪಾಪದ ಮುದುಕರಿಗೆ ಹೊತ್ತೂ ಹೋಗುತ್ತದೆ ಎಂದುಕೊಂಡಿದ್ದ.

ಗುರುವಾರ ಬೆಳಗ್ಗೆ ಇತ್ತಲಾರಿನಿಂದ ಅಕ್ಕ ಕಮಲಂ ಫೋನ್ ಮಾಡಿದಳು.

“ಏನ ಸುದ್ದಿ ತಮ್ಮಾ? ಹಗಲೆಲ್ಲ ಅವನ ಹೆಸರು ಇದ್ದರ, ಸಂಜೆಗ ಇಲ್ಲೆ. ಶಕ್ತಿವೇಲ್ ನಿನ್ನ ತಮ್ಮಗ ಏನ ಕೊಟ್ಟ ಅಂತ ಹಟ್ಟಿ ಜನ ಎನ್ನ ಕೇಳಿಯಾರ.”

“ನಾ ತೆಗೆದಿಲ್ಲೆ ಅಕ್ಕಾ.”

“ನಿನ್ನ ಆಫೀಸು, ನಿನ್ನ ಸುದ್ದಿ. ಬೇರೆ ಯಾರ ತೆಗೆದಾರು? ನೀ ಹಟ್ಟಿಗ ಬಂದು ನಾಲ್ಕು ಜನರ ಮುಂದ ಹೇಳು.”

ಹೇಳುವುದಾದರೂ ಏನು? ಹುಟ್ಟಿದ ಹಟ್ಟಿಯಲ್ಲಿ ಮಾರಿಕೊಂಡವನು ಅನ್ನಿಸಿಕೊಂಡರೆ ಆಮೇಲೆ ಮದುವೆಗೂ ಹೋಗುವಂತಿಲ್ಲ, ಸಾವಿಗೂ ಹೋಗುವಂತಿಲ್ಲ. ವಸಂತಕುಮಾರ್‌ಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಸರಣ್ಯಾಳ ಒಂದೊಂದು ನಡೆಯೂ ಹೊಸದಾಗಿ ಕಂಡಿತು. ತಾನು ಒಳಗೆ ಬಂದ ಕೂಡಲೇ ಅವಳು ಕಂಪ್ಯೂಟರಿನ ಪುಟ ಬದಲಿಸುತ್ತಾಳೆ. ಮಂಗಳವಾರ, ಬುಧವಾರ ಏಳು ಗಂಟೆಗೇ ಬಂದು ಕೂತಿದ್ದಳು. ಆ ಎರಡು ದಿನ ಬೆಳಗ್ಗೆ ಸಾಲು ವಾಪಸ್ಸು ಬಂದಿತ್ತು. ಸಂಜೆ ತೆಗೆಯುವುದು, ಸಾಕ್ಷಿ ಉಳಿಯದ ಹಾಗೆ ಬೆಳಗ್ಗೆ ಇಟ್ಟುಬಿಡುವುದು! ಇವತ್ತು ಇಡುವುದಕ್ಕೂ ಸೋಮಾರಿತನ. ಮೂರು ದಿನದಿಂದ ಮುಖ ಕೊಟ್ಟು ಮಾತಾಡಿಲ್ಲ, ಅದೊಂದೇ ಸಾಲದೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆದರೆ ಕಾಮಾಲೆ ಬಂದವನಿಗೆ ಅದನ್ನು ಯಾರು ಹೇಳಬೇಕು?

ಸರಣ್ಯಾ ಟೀ ತರಲು ಕೆಳಗಿನ ಬೇಕರಿಗೆ ಹೋದದ್ದೇ ತಡ, ಅವನು ಮುರಳೀಧರನ್‌ಗೆ ಫೋನ್ ಹಚ್ಚಿದ. ಹುಡುಗಿ ನಂಬಿಕೆಗೆ ಅರ್ಹಳಲ್ಲ, ಯಾರದೋ ಮಾತು ಕೇಳಿ ಸುದ್ದಿ ಕೆಡಿಸುತ್ತಿದ್ದಾಳೆ, ತೆಗೆದುಬಿಡಿ ಎಂದ. ಮುರಳೀಧರನ್ ಹೆಚ್ಚು ಕೇಳಲಿಲ್ಲ.

“ಸರಿ, ನಾಳೆಯಿಂದ ಬರಬೇಡ ಅಂತ ನಾನೇ ಹೇಳ್ತೀನಿ. ಯಾವುದಕ್ಕೂ ಸುದ್ದಿಯ ಕೆಳಗೆ ‘ಹಿಂದಿನ ತಿದ್ದುಪಡಿಗಳು’ ಅಂತ ಇದೆಯಲ್ಲ, ಅದರ ಫೋಟೋ ತೆಗೆದು ಕಳಿಸಿ.”

ಅಂಥದ್ದೊಂದು ಇದೆ ಎಂಬುದೇ ವಸಂತಕುಮಾರ್‌ಗೆ ಗೊತ್ತಿರಲಿಲ್ಲ. ಒತ್ತಿ ನೋಡಿದ. ಸೋಮವಾರ ಸಂಜೆ ಆರು, ಪ್ರಕಟಣೆ, ವಸಂತಕುಮಾರ್. ಎಂಟು ನಲವತ್ತು, ಒಂದು ಸಾಲು ತೆಗೆದದ್ದು, ವಸಂತಕುಮಾರ್. ಮಂಗಳವಾರ ಬೆಳಗ್ಗೆ ಏಳು ಹತ್ತು, ಸಾಲು ಮರಳಿ ಹಾಕಿದ್ದು, ಸರಣ್ಯಾ. ಅದೇ ಸಂಜೆ ಮತ್ತೆ ತೆಗೆದದ್ದು, ವಸಂತಕುಮಾರ್. ಬುಧವಾರ ಬೆಳಗ್ಗೆ ಹಾಕಿದ್ದು ಸರಣ್ಯಾ, ಸಂಜೆ ತೆಗೆದದ್ದು ವಸಂತಕುಮಾರ್.

ಆ ಮೂರು ಸಂಜೆ ಎಂಟರ ಮೇಲೆ ಅವನು ಮನೆಯಲ್ಲಿ ಊಟಕ್ಕೆ ಕೂತಿದ್ದ. ಅವನ ಹೆಸರಿನಲ್ಲಿ ಒಳಗೆ ಬರಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರೇ. ಶಕ್ತಿವೇಲ್ ಅಂದರೆ ರಾಜೇಂದ್ರನ್‌ರ ಅಳಿಯ. ಆ ಮದುವೆಯಲ್ಲಿ ವಸಂತಕುಮಾರ್ ಮೊದಲ ಪಂಕ್ತಿಯಲ್ಲೇ ಕೂತು ಉಂಡಿದ್ದ. ಗೊತ್ತಿದ್ದೂ ಅವರ ಮೇಲೆ ಅನುಮಾನ ಸುಳಿದಿರಲಿಲ್ಲ. ಕೂಡಲೇ ಅವರಿಗೆ ಫೋನ್ ಮಾಡಿದ.

“ಅಣ್ಣಾ, ಆ ಸಾಲು ತೆಗೆದದ್ದು ನೀವಾ?”

ರಾಜೇಂದ್ರನ್ ಸುಳ್ಳು ಹೇಳಲಿಲ್ಲ. “ಮಗಳು ದಿನಾ ಅಳುತ್ತಾಳ ತಮ್ಮಾ.”

“ಸ್ವಂತ ತಮ್ಮನ ಸುದ್ದೀನೂ ಅಚ್ಚಿಗ ಕಳಿಸಿದವರು ನೀವು.”

“ಅಲ್ಲಿ ಎನ್ನ ಸಹಿ ಬೀಳುತ್ತಿತ್ತು. ಇಲ್ಲಿ ನಿನ್ನ ಹೆಸರು ಬೀಳುತ್ತ.” ಮತ್ತೆ ಅವರೇ ಹೇಳಿದರು, “ನಿನ್ನ ಯಾರೂ ಏನೂ ಅನ್ನಾರ ಅಂದುಕೊಂಡೆ.”

ವಸಂತಕುಮಾರ್ ಫೋನ್ ಇಟ್ಟ. ಇಪ್ಪತ್ತಾರು ವರ್ಷದ ಗೌರವ ಒಂದೇ ಗಳಿಗೆಯಲ್ಲಿ ನೀರುಪಾಲಾಯಿತು. ಅಷ್ಟರಲ್ಲಿ ಸರಣ್ಯಾ ಬಂದು, ಅವನ ಮುಂದೆ ಟೀ ಮತ್ತು ಎರಡು ವರ್ಕಿ ಬಿಸ್ಕತ್ತು ಇಟ್ಟಳು.

“ಸರಣ್ಯಾ, ಆ ಸಾಲನ್ನ ಎರಡು ಸಲ ಹಾಕಿದವಳು ನೀನು. ಎನಗ ಯಾಕ ಹೇಳಲಿಲ್ಲೆ?”

“ತೆಗೆದ ಕಡೆ ನಿಮ್ಮ ಹೆಸರು ಇತ್ತು ಸಾರ್. ಹಟ್ಟಿಯಲ್ಲಿ ಯಾರೋ ನಿಮ್ಮನ್ನ ಒತ್ತಾಯ ಮಾಡಿಯಾರ, ಹೇಳಿದರ ನಿಮಗ ನಾಚಿಕೆ ಆಕು ಅಂತ ಸುಮ್ಮನ ಹಾಕಿದೆ. ನೀವು ಬರುವಾಗ ಪುಟ ಮುಚ್ಚಿದೆ. ಮೂರನೇ ಸಲವೂ ನೀವೇ ತೆಗೆದದ್ದ ನೋಡಿ, ಇನ್ನು ನಿಮ್ಮಿಷ್ಟ ಅಂತ ಬಿಟ್ಟೆ.”

ಅವನು ರಾಜೇಂದ್ರನ್‌ರ ಸಂಗತಿಯನ್ನೆಲ್ಲ ಹೇಳಿದ. ಆಮೇಲೆ ತಲೆ ತಗ್ಗಿಸಿ, “ನಾ ಮುರಳಿ ಸಾರ್‌ಗ ನಿನ್ನ ಬಗ್ಗೆ...” ಎಂದು ಶುರುಮಾಡಿದ.

“ಗೊತ್ತು ಸಾರ್. ಬೇಕರಿಯಲ್ಲಿ ನಿಂತಿದ್ದಾಗ ಮೆಸೇಜ್ ಬಂತು.”

ಗೊತ್ತಿದ್ದೂ ಟೀ ತಂದಿದ್ದಳು. ವಸಂತಕುಮಾರ್ ಟೀ ಲೋಟವನ್ನು ಬದಿಗೆ ಸರಿಸಿದ. ಮತ್ತೆ ಮುರಳೀಧರನ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡ, ಅದನ್ನು ಸುದ್ದಿಯ ಜೊತೆಗೇ ಹಾಕುತ್ತೇನೆ ಎಂದ. ಅವರು ನಕ್ಕುಬಿಟ್ಟರು. ಹುಡುಗಿ ಇರಲಿ, ಪಾಸ್‌ವರ್ಡ್ ಬದಲಿಸಿ, ಸಾಲನ್ನು ವಾಪಸ್ಸು ಹಾಕಿ, ಮುಗಿಯಿತು, ಇದೇನು ಪೇಪರ್ರೇ ತಪ್ಪೊಪ್ಪಿಗೆ ಅಚ್ಚು ಹಾಕಲು ಎಂದರು. ಮುಗಿಯಲಿಲ್ಲ, ಹಾಕಿಯೇ ತೀರುತ್ತೇನೆ ಎಂದ ಇವನು. ಹಾಕಿದರೆ ನಿಮ್ಮ ಕೆಲಸದ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದು ಅವರು ಫೋನ್ ಇಟ್ಟರು.

ವಸಂತಕುಮಾರ್ ಕೂತು ಬರೆದ. ಸಂಪಾದಕನಾದ ನಾನು ನನ್ನ ಪಾಸ್‌ವರ್ಡನ್ನು ಹೊರಗಿನವರಿಗೆ ಕೊಟ್ಟಿದ್ದೆ, ಅವರು ಘಟಕದ ಮಾಲೀಕರ ಮಾವ, ಸಾಲು ಮೂರು ಸಲ ತೆಗೆಯಲಾಯಿತು, ಸಹೋದ್ಯೋಗಿ ಸರಣ್ಯಾ ಅದನ್ನು ಎರಡು ಸಲ ಮರಳಿ ಹಾಕಿದರು, ತಪ್ಪು ನನ್ನದು. ಬರೆಯುತ್ತ ಬರೆಯುತ್ತ ಎದೆ ಕೊಂಚ ಹಗುರವಾಯಿತು. ಹಟ್ಟಿಯವರ ಮುಂದೆ ಇನ್ನು ತಲೆ ಎತ್ತಿ ನಿಲ್ಲಬಹುದು ಅನ್ನಿಸಿತು. ಎದ್ದು ಕುರ್ಚಿ ಬಿಟ್ಟುಕೊಟ್ಟು, “ಒಂದು ಸಲ ನೋಡು” ಎಂದ.

ಸರಣ್ಯಾ ಕೂರಲಿಲ್ಲ. ನಿಂತೇ, ನಿಧಾನವಾಗಿ, ಎರಡು ಸಲ ಓದಿದಳು.

“ನೀವೂ ಒಂದು ಸಾಲು ತೆಗೆದಿದ್ದೀರಿ ಸಾರ್.”

“ಯಾವುದು?”

“ನೀವು ಎನ್ನ ಮೇಲ ಅನುಮಾನ ಪಟ್ಟದ್ದು. ತೆಗೆದುಬಿಡಿ ಅಂದದ್ದು.”

ಅವನು ಅವಳ ಮುಖ ನೋಡಲಾರದೆ ಮತ್ತೆ ಕುರ್ಚಿಗೆ ಬಂದ. ಆ ಸಾಲು ಬರೆಯಲು ಉಳಿದದ್ದಕ್ಕೆಲ್ಲ ಹಿಡಿದಷ್ಟೇ ಹೊತ್ತು ಹಿಡಿಯಿತು. ಬರೆದು ಮುಗಿಸಿ ತಿರುಗಿದಾಗ ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿದ್ದಳು.

“ನೀ ಹೊರಡು, ನಾ ಹಾಕಿಯೆ” ಎಂದ.

“ಪರವಾಗಿಲ್ಲೆ ಸಾರ್. ನೀವು ಹಾಕುವ ತನಕ ಇಲ್ಲೇ ನಿಂತಿಯೆ.”