ಗೋದಾಮಿನ ಹಿಂದಿನ ಪೈಪು

ಹೊಟ್ಟೆಕಿಚ್ಚು ಎದುರುಮನೆಯವರ ಮೇಲೆ ಬಂದರೆ ಬಾಗಿಲು ಹಾಕಿಕೊಂಡು ಕೂರಬಹುದು. ಕಟ್ಟಿಕೊಂಡ ಹೆಂಡತಿಯ ಮೇಲೆಯೇ ಬಂದರೆ ಯಾವ ಬಾಗಿಲು ಹಾಕುವುದು? ಬಂಕಾಪುರದ ರಾಜಕುಮಾರನಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಬಂದದ್ದು ಈ ಎರಡನೆಯ ಬಗೆಯ ರೋಗ.

ಹೆದ್ದಾರಿಯಿಂದ ಊರೊಳಗೆ ತಿರುಗುವಲ್ಲಿ ಅವನ ಮೋಟರ್ ರಿವೈಂಡಿಂಗ್ ಅಂಗಡಿ. ಹಾನಗಲ್ಲಿನ ಗದ್ದೆಯ ಪಂಪು, ಹಿರೇಕೆರೂರಿನ ಬೋರ್‌ವೆಲ್ ಮೋಟರು, ಶಿಗ್ಗಾಂವಿಯ ಹಿಟ್ಟಿನ ಗಿರಣಿಯದು, ಸುಟ್ಟದ್ದೆಲ್ಲ ಇಲ್ಲಿಗೇ ಬರುತ್ತಿತ್ತು. ರಾಜಕುಮಾರ ವೈರು ಜೋಡಿಸುವ ರೀತಿಯೇ ಬೇರೆ. ಎಣಿಸಿ ಏಳು ಸುತ್ತು, ತುದಿಯನ್ನು ಒಳಕ್ಕೆ ಮಡಚಿ, ಮೇಲೆ ಕೆಂಪು ಟೇಪು. ಆ ಜೋಡಣೆಯನ್ನು ಯಾವ ಹೊಲದ ಕಂಬದಲ್ಲಿ ನೋಡಿದರೂ ಜನ ‘ಇದು ರಾಜಣ್ಣನ ಕೈ’ ಅನ್ನುತ್ತಿದ್ದರು. ಅವನೂ ಆ ಮಾತು ಕೇಳಲೆಂದೇ ಒಂದೊಂದು ಸಲ ಕಂಬದ ಕೆಳಗೆ ಸುಮ್ಮನೆ ನಿಲ್ಲುತ್ತಿದ್ದ.

ಅಂಗಡಿಯೊಳಗೆ ಪರದೆಯ ಹಿಂದೆ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದವಳು ಅವನ ಹೆಂಡತಿ ಮಂಜುಳಾ. ಹದಿನೆಂಟು ವರ್ಷದಲ್ಲಿ ಅವಳ ಬೆರಳು ಒಂದು ಸುತ್ತು ಹೆಚ್ಚು ಹಾಕಿದ್ದಿಲ್ಲ, ಒಂದು ಸುತ್ತು ಕಡಿಮೆ ಹಾಕಿದ್ದಿಲ್ಲ. ಅದಕ್ಕೊಂದು ಒಳ್ಳೆಯ ಮಾತು ಆಡಬೇಕು ಎಂದು ರಾಜಕುಮಾರನಿಗೆ ಹೊಳೆದೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಹೀಗಿರುವಾಗ ಊರಿನ ವ್ಯಾಪಾರಿ ಮಹಾಲಿಂಗಪ್ಪನವರ ಮಗ ಶರಣು ತಮ್ಮ ಮೆಣಸಿನಕಾಯಿಯ ಹಳೆಯ ಗೋದಾಮು ತೊಳೆಸಿ, ಯಾರೋ ಬಳಸಿ ಬಿಟ್ಟ ಆರು ಬೋರ್ಡು ತಂದಿಟ್ಟ. ಎಫ್‌ಪಿಜಿಎ ಬೋರ್ಡು ಎಂದು ಅದರ ಹೆಸರು. ಬೇರೆ ಚಿಪ್ಪುಗಳಿಗೆ ಹುಟ್ಟಿನಿಂದ ಒಂದೇ ಕಸುಬಂತೆ. ಇದಕ್ಕೆ ಮಾತ್ರ ಇವತ್ತು ಒಂದು ಕೆಲಸ, ನಾಳೆ ಇನ್ನೊಂದು ಎಂದು ಹೇಳಿಕೊಡಬಹುದಂತೆ. ಅದು ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತ ಕುಳಿತರೆ ಕಂಪ್ಯೂಟರಿನೊಳಗೆ ಕ್ರಿಪ್ಟೊ ಎಂಬ ನಾಣ್ಯ ಹುಟ್ಟುತ್ತದಂತೆ. ಮುಟ್ಟಲಿಕ್ಕಾಗದ ನಾಣ್ಯಕ್ಕೆ ಗೋದಾಮು ಯಾಕೆ ಬೇಕೋ, ನಮಗೇನು ಗೊತ್ತು. ಒಟ್ಟಿನಲ್ಲಿ ಬೋರ್ಡುಗಳು ಕಾಲು ಗಂಟೆ ನಡೆದು ನಿಲ್ಲುತ್ತಿದ್ದವು. ಶರಣು ರಾಜಕುಮಾರನನ್ನು ಕರೆಸಿದ.

ರಾಜಕುಮಾರ ತನ್ನ ಟೆಸ್ಟ್ ಲ್ಯಾಂಪು ಹಿಡಿದು ಹೋದ. ಒಂದು ಬಲ್ಬು, ಎರಡು ತಂತಿ. ಮೂವತ್ತು ವರ್ಷ ಎಲ್ಲ ಮೋಟರಿನ ರೋಗವನ್ನೂ ಅವನು ಅದರಿಂದಲೇ ಹಿಡಿದಿದ್ದ. ಶರಣು “ರಾಜಣ್ಣಾ, ಇದು ಹನ್ನೆರಡ ವೋಲ್ಟಿಂದು…” ಅನ್ನುವಷ್ಟರಲ್ಲಿ ಲ್ಯಾಂಪಿನ ಒಂದು ತಂತಿಯನ್ನು ಮನೆ ಕರೆಂಟಿಗೆ ಸಿಕ್ಕಿಸಿ ಇನ್ನೊಂದನ್ನು ಬೋರ್ಡಿಗೆ ಮುಟ್ಟಿಸಿಯೇ ಬಿಟ್ಟ. ಟಪ್ ಎಂದು ಶಬ್ದವಾಯಿತು. ಸಣ್ಣ ಹೊಗೆ ಎದ್ದಿತು. ಆರು ಬೋರ್ಡು ಐದಾದವು.

ಅದೇ ಹೊತ್ತಿಗೆ ಮಂಜುಳಾ ಗಂಡನ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದಳು. ಹೊಗೆ ನೋಡಲಿಲ್ಲ. ಪಕ್ಕದ ಬೋರ್ಡಿಗೆ ಹೋಗುವ ವೈರಿನ ತುದಿ ನೋಡುತ್ತಿದ್ದಳು.

“ಶರಣಪ್ಪಾ, ಈ ಪ್ಲಗ್ಗು ಕರಗೇತಿ ನೋಡ್ರಿ,” ಅಂದಳು. “ಹನ್ನೆರಡ ವೋಲ್ಟು ಅಂದ್ರ ಕರೆಂಟು ಜಾಸ್ತಿ ಎಳೀತಾವು. ಇಷ್ಟ ತೆಳ್ಳನ ವೈರಿನ್ಯಾಗ ಹೋದ್ರ ಕಾಯದ ಏನ್ ಮಾಡತೈತಿ?”

ಮರುದಿನ ಶರಣು ಅಂಗಡಿಗೆ ಬಂದ. ರಾಜಕುಮಾರ ಎದ್ದು ಅಂಗಿ ಹಾಕಿಕೊಳ್ಳತೊಡಗಿದ. ಶರಣು ನೆಲ ನೋಡುತ್ತ, “ಮಂಜಕ್ಕಾರನ್ನ ಕಳಸ್ತೀರೇನ್ರಿ ರಾಜಣ್ಣಾ?” ಅಂದ. ರಾಜಕುಮಾರನ ಒಂದು ತೋಳು ಅಂಗಿಯೊಳಗಿತ್ತು, ಇನ್ನೊಂದು ಹೊರಗಿತ್ತು.

ಅಂದಿನಿಂದ ಶುರುವಾಯಿತು ನೋಡಿ. ಮಂಜುಳಾ ದಪ್ಪ ವೈರು ಹಾಕಿದಳು, ಬೋರ್ಡುಗಳು ಎರಡು ತಾಸು ನಡೆದವು. ಮನೆ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸುವ ಪವರ್ ಸಪ್ಲೈಗಳು ಎರಡೆರಡಿದ್ದಲ್ಲಿ ಅವುಗಳ ಮೈನಸ್ಸುಗಳನ್ನು ಒಂದಕ್ಕೊಂದು ಕೂಡಿಸಿದಳು, ನಾಲ್ಕು ತಾಸು ನಡೆದವು. ಚಿಪ್ಪಿನ ಮೇಲೆ ಒಣಗಿದ್ದ, ಬಿಸಿ ಹೊರಹಾಕುವ ಪೇಸ್ಟು ಕೆರೆದು ಹೊಸದು ಬಳಿದಳು. ಮನೆಗೆ ಬಂದು ರೊಟ್ಟಿ ಬಡಿಯುತ್ತ ಅದನ್ನೆಲ್ಲ ಹೇಳಿದಳು. ಅವಳ ಮುಖದಲ್ಲಿ ರಾಜಕುಮಾರ ಹದಿನೆಂಟು ವರ್ಷದಲ್ಲಿ ನೋಡದ ಒಂದು ಕಳೆ ಇತ್ತು. ಆ ಕಳೆ ನೋಡಿ ಅವನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ಎದುರಿನ ಚಹಾದಂಗಡಿಯ ಬಂದೇಸಾಬನಿಗೆ ಇಂಥದ್ದು ಸಿಕ್ಕರೆ ಚಹಾದ ಜೊತೆ ಸವಣೂರಿನ ಖಾರ ಸಿಕ್ಕ ಹಾಗೆ. “ಏನ್ ರಾಜಣ್ಣಾ, ಇನ್ನ ಅಂಗಡಿ ಬೋರ್ಡಿನ ಮ್ಯಾಲ ಹೆಸರು ಬದಲಿ ಮಾಡಸೂದ ಅಲ್ಲೇನು?” ಅಂದ. ಕೂತವರು ನಕ್ಕರು, ರಾಜಕುಮಾರನೂ ನಕ್ಕ. ಪಂಪು ತಂದ ರೈತರೂ ಈಗ ಒಳಗೆ ಇಣುಕಿ “ಅಕ್ಕಾರಿಲ್ಲೇನ್ರಿ?” ಅನ್ನತೊಡಗಿದ್ದರು. ಅಕ್ಕಾರಂತೆ! ತಂತಿ ಹಿಡಿಯುವುದು ಹೇಗೆ ಎಂದು ಅವಳಿಗೆ ಕಲಿಸಿದವನು ಯಾರು?

ಹೊಟ್ಟೆಕಿಚ್ಚಿನವನ ಕೈ ಸುಮ್ಮನಿರುವುದಿಲ್ಲ. ಅವಳು ಮತ್ತಷ್ಟು ದಪ್ಪ ವೈರು ಕೇಳಿದಾಗ ರಾಜಕುಮಾರ “ಖಾಲಿ ಆಗೇತಿ” ಅಂದ. ಉಳಿದಿದ್ದ ಇಡೀ ಸುರುಳಿಯನ್ನು ಮನೆಯ ಜೋಳದ ಚೀಲದ ಹಿಂದೆ ಬಚ್ಚಿಟ್ಟ. ನಲವತ್ತೇಳು ವರ್ಷದ ಗಂಡಸು!

ಆದರೆ ದೇವರು ಅವನ ಕಡೆಗೂ ಒಮ್ಮೆ ನೋಡಿದ ಹಾಗೆ ಕಂಡಿತು. ಬಿಸಿಲು ಏರುತ್ತಿದ್ದ ಹಾಗೆ ಬೋರ್ಡುಗಳು ಹೊಸ ತಕರಾರು ತೆಗೆದವು. ಬೆಳಿಗ್ಗೆ ಸರಿಯಾಗಿ ನಡೆಯುವುದು, ಮಧ್ಯಾಹ್ನ ಎರಡರ ಸುಮಾರಿಗೆ ಐದೂ ಒಟ್ಟಿಗೆ ಮಲಗುವುದು. ಮಂಜುಳಾ ಫ್ಯಾನು ಬದಲಿಸಿದಳು, ಸಪ್ಲೈ ಬದಲಿಸಿದಳು, ಪ್ಲಗ್ಗುಗಳನ್ನೆಲ್ಲ ಮತ್ತೆ ಬೆಸೆದಳು. ಮತ್ತೆ ಎರಡಕ್ಕೆ ಮಲಗಿದವು. ಅವಳ ಮುಖ ಸಣ್ಣದಾದಷ್ಟೂ ರಾಜಕುಮಾರನಿಗೆ ಹಾಲು ಕುಡಿದಷ್ಟು ಸಂತೋಷ. ಆ ವಾರ ಅವನು ಬಂದೇಸಾಬನ ಅಂಗಡಿಯಲ್ಲಿ ಎರಡೆರಡು ಕಪ್ಪು ಚಹಾ ಕುಡಿದ.

ಮಂಗಳವಾರ ಮಧ್ಯಾಹ್ನ ಅವಳು ರೊಟ್ಟಿ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದಳು.

“ಸೋಮವಾರದೊಳಗ ಸರಿ ಆಗದಿದ್ರ ಎಲ್ಲಾ ಹುಬ್ಬಳ್ಳಿಗೆ ಕಳಸ್ತೇನಿ ಅಂದಾರ ಶರಣಪ್ಪ,” ಅಂದಳು. “ನನ್ನ ಕೆಲಸ ಅಲ್ಲಿಗೆ ಮುಗೀತು. ಗೋದಾಮಿನ್ಯಾಗ ವೋಲ್ಟೇಜು ಬೀಳತೈತ್ರಿ. ಅವರ ಮನಿಯಾಗ ಬರೋಬ್ಬರಿ ಐತಿ, ಗೋದಾಮಿನ್ಯಾಗ ಇಲ್ಲ. ಮುಂಜಾನಿ ಕೆಲಸದ ಹೊಳೆವ್ವ ಭಾಂಡೆ ತೊಳೆಯೋತನಕ ಆರಾಮ ನಡೀತಾವು, ಆಮ್ಯಾಲ ಬಿಸಲಾತಂದ್ರ ಮುಗೀತು. ನಿಮಗೇನರ ಹೊಳೀತೈತೇನ್ರಿ?”

ರಾಜಕುಮಾರ ಅವಳ ಎದುರು ಕೂತು ಉಣ್ಣುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತಲ್ಲ, ಹಾಗೆ ಅವನ ಎಡಗೈ ತಾನಾಗಿಯೇ ಭುಜಕ್ಕೆ ಹೋಯಿತು.

ಎಂಟು ವರ್ಷದ ಹಿಂದೆ ಆ ಗೋದಾಮಿಗೆ ಕರೆಂಟು ಎಳೆದವನು ಅವನೇ. ಮಹಾಲಿಂಗಪ್ಪನವರ ಮನೆಯಿಂದ ಗೋದಾಮಿನವರೆಗೆ ಎರಡು ವೈರು ಹೋಗಬೇಕು, ಕರೆಂಟು ಹೋಗುವುದಕ್ಕೊಂದು, ತಿರುಗಿ ಬರುವುದಕ್ಕೊಂದು. ಎರಡನೆಯದು ಇಪ್ಪತ್ತು ಮಾರು ಸಾಲದೆ ಬಂದಿತ್ತು. ಅಂದು ಅವನಿಗೆ ಹಂಸಭಾವಿಯ ಮದುವೆಗೆ ಹೋಗುವ ಅವಸರ. ಗೋದಾಮಿನ ಹಿಂದೆ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ, ಒಂದು ಕಬ್ಬಿಣದ ಪೈಪು ಹುಗಿದು, ತಿರುಗಿ ಬರುವ ಕರೆಂಟನ್ನು ನೆಲಕ್ಕೇ ಬಿಟ್ಟುಬಿಟ್ಟ. ಹೊಲದ ಕಡೆ ಎಲ್ಲರೂ ಮಾಡುವುದೇ. ಎರಡು ಬಲ್ಬಿಗೆ ಅಷ್ಟು ಸಾಕು. “ನಾಳೆ ಬಂದು ವೈರು ಎಳೀತೇನ್ರಿ” ಅಂದಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ.

ಹೊಳೆವ್ವ ಮಹಾಲಿಂಗಪ್ಪನವರ ಮನೆಯ ಕೆಲಸದಾಕೆ. ಅವಳು ಪಾತ್ರೆ ತೊಳೆದ ನೀರು ಆ ಪೈಪಿನ ಬುಡಕ್ಕೇ ಹರಿಯುತ್ತಿತ್ತು. ನೆಲ ಹಸಿ ಇರುವವರೆಗೆ ಕರೆಂಟು ತಿರುಗಿ ಹೋಗುತ್ತದೆ. ನೀರು ನಿಂತು, ಬಿಸಿಲು ಬಿದ್ದು, ಐದು ಬೋರ್ಡುಗಳ ಭಾರಕ್ಕೆ ಪೈಪಿನ ಸುತ್ತಲಿನ ಮಣ್ಣು ಕಾದು ಒಣಗಿದರೆ ವೋಲ್ಟೇಜು ಬೀಳದೆ ಇನ್ನೇನು? ಒಂದು ತುತ್ತು ನುಂಗುವಷ್ಟರಲ್ಲಿ ಅವನಿಗೆ ಎಲ್ಲವೂ ಕಂಡಿತು.

ಹೇಳಿದರೆ ಅವಳ ಕೆಲಸ ಉಳಿಯುತ್ತದೆ, ಅವನ ಹೆಸರು ಹೋಗುತ್ತದೆ. ಮೂವತ್ತು ವರ್ಷದ ‘ರಾಜಣ್ಣನ ಕೈ’ ಬಂದೇಸಾಬನ ಚಹಾದಂಗಡಿಯಲ್ಲಿ ನಗೆಪಾಟಲಾಗುತ್ತದೆ. ಹೇಳದಿದ್ದರೆ ಸೋಮವಾರ ಅವಳು ಮತ್ತೆ ಪರದೆಯ ಹಿಂದೆ ಬಂದು ಕೂರುತ್ತಾಳೆ. ಸುಳ್ಳು ಯಾಕೆ, ಆ ಎರಡನೆಯದು ಅವನಿಗೆ ಸಿಹಿಯಾಗಿ ಕಂಡಿತು.

“ನನಗೇನ ತಿಳಿತೈತಿ ಅದರಾಗ,” ಅಂದ. “ನಾ ಮೋಟರ್ ಕಟ್ಟಾವ. ಪಲ್ಲೆ ಹಾಕು.”

ಬುಧವಾರ, ಗುರುವಾರ, ಶುಕ್ರವಾರ ಹೀಗೇ ಕಳೆದವು. ಮಂಜುಳಾ ಮತ್ತೆ ಆ ಮಾತೆತ್ತಲಿಲ್ಲ. ಸೋತಿದ್ದಾಳೆ ಅಂದುಕೊಂಡ ರಾಜಕುಮಾರ. ಆದರೂ ಒಂದು ಪಂಪಿನ ಸುರುಳಿಯನ್ನು ಎರಡು ಸಲ ತಪ್ಪಾಗಿ ಸುತ್ತಿ ಬಿಚ್ಚಿದ.

ಶನಿವಾರ ಮಧ್ಯಾಹ್ನ ಬಂದೇಸಾಬ ಕಪ್ಪು ತೊಳೆಯುತ್ತ ಅಂಗಡಿಯಿಂದಲೇ ಕೂಗಿದ. “ರಾಜಣ್ಣಾ, ಮಂಜಕ್ಕಗ ಏನಾಗೇತಿ ನೋಡಪಾ! ಗೋದಾಮಿನ ಹಿಂದ ನಿಂತು ನೆಲಕ್ಕ ಕೊಡ ಕೊಡ ನೀರು ಹಾಕಾಕತ್ತಾರ. ಚಹಾ ಕೊಡಾಕ ಹೋದಾಗ ನೋಡಿ ಬಂದೇನಿ. ಮಳಿರಾಯನ್ನ ಕರಿಯಾಕತ್ತಾರೇನ?”

ಕೂತವರು ನಕ್ಕರು. ರಾಜಕುಮಾರ ಇಕ್ಕಳ ಎಸೆದು ಎದ್ದ.

ಆ ಪೈಪಿನಲ್ಲಿ ಈಗ ಐದು ಬೋರ್ಡಿನ ಕರೆಂಟು ಇಳಿಯುತ್ತಿದೆ. ಸುತ್ತಲಿನ ನೆಲ ಒದ್ದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ನೀರು ಹಾಕುತ್ತ ಹಾಕುತ್ತ ಒಮ್ಮೆ ಆ ಪೈಪು ಮುಟ್ಟಿದರೆ? ಬೈಕಿನ ಚಾವಿ ಹುಡುಕಿದ, ಸಿಗಲಿಲ್ಲ. ಓಡಿದ. ಬಿಸಿಲಿಗೆ ಕಣ್ಣು ಕತ್ತಲಾಗುತ್ತಿತ್ತು. ಕೋಟೆಯ ಕಡೆಯಿಂದ ನವಿಲೊಂದು ಕಿರುಚಿದ್ದು ಕೇಳಿ ಅವಳೇ ಕಿರುಚಿದಳೆಂದು ಇನ್ನೂ ಜೋರಾಗಿ ಓಡಿದ. ಆ ಕ್ಷಣದಲ್ಲಿ ಅವನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಭಯ ಬಿಟ್ಟರೆ ಬೇರೇನೂ ಇರಲಿಲ್ಲ.

ಗೋದಾಮಿನೊಳಗೆ ನುಗ್ಗಿ ಮೇನ್ ಸ್ವಿಚ್ಚು ಕೆಳಕ್ಕೆಳೆದ. ಬೋರ್ಡುಗಳ ಫ್ಯಾನು ನಿಂತವು. ಕಂಪ್ಯೂಟರಿನ ಮುಂದೆ ಕೂತಿದ್ದ ಶರಣು ಎದ್ದು ನಿಂತ.

“ರಾಜಣ್ಣಾ! ಯಾಕ ಆರಿಸಿದ್ರಿ? ಈಗರ ನಡೆಯಾಕತ್ತಿದ್ವು…”

“ಆ ಪೈಪಿಗೆ ಕರೆಂಟೈತಿ!” ರಾಜಕುಮಾರ ಏದುಸಿರಲ್ಲಿ ಕೂಗಿದ. “ಅದು ಬರೇ ಅರ್ಥಿಂಗ್ ಅಲ್ರಿ ಶರಣಪ್ಪಾ, ಅದನ್ನ ಕರೆಂಟು ತಿರುಗಿ ಬರೂ ನ್ಯೂಟ್ರಲ್ ಮಾಡೇನಿ. ನಾನ ಮಾಡೇನಿ. ಎಂಟು ವರ್ಷದ ಹಿಂದ, ವೈರು ಸಾಲಲಿಲ್ಲಂತ. ನಿಮ್ಮ ಬೋರ್ಡು ಮಲಗೂದು ಅದರಿಂದ. ಆಕೀದೇನೂ ತಪ್ಪಿಲ್ಲ.”

ಶರಣುವಿನ ಮಾತಿಗೆ ಕಾಯದೆ ರಾಜಕುಮಾರ ಗೋದಾಮಿನ ಹಿಂದಕ್ಕೆ ಓಡಿದ.

ಮಂಜುಳಾ ನಿಂತಿದ್ದಳು. ಕಾಲಲ್ಲಿ ದಪ್ಪ ರಬ್ಬರಿನ ಚಪ್ಪಲಿ. ಚಪ್ಪಲಿಯ ಕೆಳಗೆ ಒಣಗಿದ ಕಟ್ಟಿಗೆಯ ಹಲಗೆ. ಪೈಪಿನ ಸುತ್ತ ಯಾರೂ ಬರದ ಹಾಗೆ ಮುಳ್ಳಿನ ಕಂಟಿ ಇಟ್ಟಿದ್ದಳು. ಕೊಡದ ನೀರನ್ನು ದೂರದಿಂದಲೇ ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ಹರಿಸುತ್ತಿದ್ದಳು.

ಅವಳ ಹಿಂದೆ ಗೋಡೆಗುಂಟ ಹೊಸ ವೈರು ಮನೆಯ ಕಡೆಯಿಂದ ಅರ್ಧದವರೆಗೆ ಬಂದಿತ್ತು. ಉಳಿದ ಸುರುಳಿ ನೆಲದ ಮೇಲೆ ಕೂತಿತ್ತು. ಜೋಳದ ಚೀಲದ ಹಿಂದಿನ ಸುರುಳಿ. ಅದಕ್ಕೆ ಇನ್ನೂ ನಾಲ್ಕು ಕಾಳು ಜೋಳ ಅಂಟಿದ್ದವು.

“ಒದರಿದ್ದು ಕೇಳಿಸ್ತು,” ಅಂದಳು ಮಂಜುಳಾ. “ಯಾಕ ಒದರಿದ್ರಿ? ನಾಳೆ ಐತವಾರ, ಶರಣಪ್ಪ ಸವಣೂರಿಗೆ ಹೊಂಟಾರ. ಅಷ್ಟರಾಗ ಎಳದ ಮುಗಸ್ತಿದ್ದೆ. ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅಲ್ಲೀತನಕ ನಡೀಲಿ ಅಂತ ನೀರು ಹಾಕಾಕತ್ತಿದ್ದೆ.”

“ನಿನಗ… ನಾ ಮಾಡಿದ್ದಂತ ಹೆಂಗ ಗೊತ್ತಾತು?”

ಅವಳು ಪೈಪಿನ ತುದಿ ತೋರಿಸಿದಳು. ಎಂಟು ಬೇಸಿಗೆಗೆ ಬಣ್ಣ ಬಿಟ್ಟಿದ್ದರೂ ಟೇಪು ಇನ್ನೂ ಕೆಂಪೇ. “ಏಳು ಸುತ್ತು. ಈ ಸೀಮಿಯಾಗ ಮತ್ಯಾರು ಹಂಗ ಸುತ್ತತಾರ್ರಿ?”

ಅವಳು ಮೂರು ದಿನ ಬಾಯಿ ಮುಚ್ಚಿದ್ದು ಅವನ ಹೆಸರು ಉಳಿಸಲಿಕ್ಕೆ. ಅವನು ಬಾಯಿ ಮುಚ್ಚಿದ್ದು ಅವಳನ್ನು ಪರದೆಯ ಹಿಂದೆ ಕೂರಿಸಲಿಕ್ಕೆ. ಆಗಲೂ, ಆ ನಾಚಿಕೆಯಲ್ಲೂ, ಅವನಿಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಒಳ್ಳೆಯವಳಾಗಿರುವುದರಲ್ಲೂ ಅವಳದೇ ಮೇಲುಗೈ ಆಗಬೇಕೆ?

ಮಂಜುಳಾ ಅವನ ಮುಖವನ್ನೇ ನೋಡುತ್ತಿದ್ದಳು. ಹದಿನೆಂಟು ವರ್ಷ ಸುತ್ತು ಎಣಿಸಿದವಳು, ದಿನ ಎಣಿಸಲಿಕ್ಕೆ ಅವಳಿಗೆಷ್ಟು ಹೊತ್ತು?

“ತಕರಾರು ಈ ಪೈಪಿಂದ ಅಂತ ನಿಮಗ ಯಾವಾಗ ಗೊತ್ತಾತು?” ಅಂದಳು.

‘ಈಗ’ ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಜೋಳದ ಕಾಳು ಅಂಟಿದ ಸುರುಳಿ ಅವನನ್ನೇ ನೋಡುತ್ತಿತ್ತು.

“ಮಂಗಳವಾರ,” ಅಂದ. “ಉಣ್ಣೋ ಮುಂದ.”

ಮಂಜುಳಾ ಕೊಳವೆಯನ್ನು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ನನಗ ಬುಧವಾರ,” ಅಂದಳು. “ನೀವು ನನಗಿಂತ ಒಂದಿನ ಮೊದಲ.”

ಬೋರ್ಡುಗಳು ಬಂದಂದಿನಿಂದ ಅವನು ಬೇಡಿಕೊಂಡಿದ್ದು ಇದನ್ನೇ, ಒಂದರಲ್ಲಾದರೂ ಅವಳಿಗಿಂತ ಮುಂದಿರುವುದನ್ನು. ಅವಳು ವೈರಿನ ತುದಿಯನ್ನು ಅವನ ಕೈಗೆ ಕೊಟ್ಟು, ಮುಖ ನೋಡದೆ “ಹಿಡೀರಿ” ಅಂದಳು. ಅವನು ಹಿಡಿದ. ಉಳಿದ ವೈರು ಎಳೆದು ಮುಗಿಯುವವರೆಗೆ ಅವಳು ತಿರುಗಿ ನೋಡದೆ ಮುಂದೆ ಮುಂದೆ ನಡೆದಳು.