ಮೂರು ಕಾಜಾ

ನಮ್ಮ ಯಜಮಾನರು ದರ್ಜಿ. ಅಂಗಡಿಯಲ್ಲಿ ಕತ್ತರಿ ಅವರದು, ಕಾಜಾ ನನ್ನದು. ಗುಂಡಿ ತೂರುವ ಪುಟ್ಟ ಸೀಳಿನ ಸುತ್ತ ಕೈಯಲ್ಲೇ ದಾರ ಸುತ್ತಿ ಬಿಗಿ ಮಾಡುವ ಕೆಲಸ; ಮೂವತ್ತೆಂಟು ವರ್ಷ ಮಾಡಿದ್ದೇನೆ. ಬೇರೆ ಯಾರು ಹೊಲಿದರೂ ಈ ಮನುಷ್ಯ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ, ಬೆಳಕಿಗೆ ಹಿಡಿದು, ಒಂದೊಂದೇ ಹೊಲಿಗೆ ನೋಡುತ್ತಾರೆ. ನನ್ನ ಕಾಜಾ ಮಾತ್ರ ಒಂದು ದಿನವೂ ನೋಡಿದವರಲ್ಲ. ಹಾಗೇ ಮಡಚಿ ಗಿರಾಕಿಯ ಕೈಗಿಡುತ್ತಾರೆ. ಚೆನ್ನಾಗಿದೆ ಅನ್ನುವುದು ಹಾಳಾಗಿ ಹೋಗಲಿ, ಒಂದು ಸಲ ಕಣ್ಣು ಹಾಯಿಸಬಾರದೇ? ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು.

ಈ ವರ್ಷ ಅವರ ಹೊಟ್ಟೆಯಲ್ಲಿ ಬೇರೆಯದೇ ಸಿಕ್ಕಿತು. ಎದೆಯಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಊದಿದೆ, ಒಡೆದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದರು ಡಾಕ್ಟರಮ್ಮ. ಹೊಟ್ಟೆ ಕೊಯ್ಯಬೇಕಿಲ್ಲವಂತೆ. ತೊಡೆಸಂದಿಯ ನಾಳದಿಂದ ಸ್ಟೆಂಟನ್ನು, ಅಂದರೆ ತಂತಿಬಳೆಗಳಿರುವ ಬಟ್ಟೆಯ ಕೊಳವೆಯನ್ನು, ಮೇಲೇರಿಸಿ ಊದಿದ ಜಾಗದೊಳಗೆ ಬಿಚ್ಚುತ್ತಾರಂತೆ. ಆದರೆ ಊತ ಕಿಡ್ನಿಯ ನಾಳಗಳವರೆಗೂ ಬಂದಿತ್ತು. ಸಾದಾ ಕೊಳವೆ ಹಾಕಿದರೆ ಕಿಡ್ನಿಗೆ ರಕ್ತ ಬಂದ್. ಅದಕ್ಕೇ ಇವರ ಸ್ಕ್ಯಾನಿನ ಅಳತೆಗೆ ಸರಿಯಾಗಿ ಕೊಳವೆಯಲ್ಲಿ ಮೂರು ಕಿಂಡಿ ಮಾಡಬೇಕು, ಕಿಡ್ನಿಗೆ ಎರಡು, ಕರುಳಿಗೆ ಒಂದು. ಪ್ರತಿ ಕಿಂಡಿಗೂ ತಂತಿಯ ಉಂಗುರವಿಟ್ಟು ಸುತ್ತ ಹೊಲಿಯಬೇಕು.

"ಹೊಲಿಯೋರು ಯಾರು?" ನಮ್ಮವರು ನೆಟ್ಟಗೆ ಕೂತರು.

"ನಾನೇ," ಎಂದರು ಡಾಕ್ಟರಮ್ಮ.

"ಹಾಗಾದ್ರೆ ಒಂದು ಹೊಲಿದು ತೋರಿಸಿ. ಆಪರೇಷನ್ನಿಗೆ ಸಹಿ ಆಮೇಲೆ."

"ರೀ, ತಲೆಗಿಲೆ ಕೆಟ್ಟಿದ್ಯಾ? ಅವರೇನು ನಿಮ್ಮ ಅಂಗಡಿ ಕೆಲಸದೋರಾ?" ಎಂದು ಗದರಿದೆ.

"ಮೈಯೊಳಗೆ ಹಾಕ್ಕೊಳ್ಳೋನು ನಾನು ಕಣೇ."

ಡಾಕ್ಟರಮ್ಮ ನಕ್ಕರು. ಹೇಗೂ ಮೊದಲು ಒಂದು ಅಭ್ಯಾಸದ ಕೊಳವೆ ಮಾಡಿ ನೋಡುತ್ತಾರಂತೆ. ಎರಡು ದಿನ ಬಿಟ್ಟು ಅದನ್ನೇ ತಂದು ಮೇಜಿನ ಮೇಲಿಟ್ಟರು. ನಮ್ಮವರು ಮುಟ್ಟಲೂ ಇಲ್ಲ, ನನ್ನ ಕಡೆ ತಳ್ಳಿದರು. "ಕಾಜಾ ಇವಳ ಇಲಾಖೆ. ಇವಳು ಸರಿ ಅಂದ್ರೆ ಈಗಲೇ ಸಹಿ."

ಅಯ್ಯೋ, ಈ ಮನುಷ್ಯ ತನ್ನ ಜೀವವನ್ನೇ ತಂದು ನನ್ನ ಮಡಿಲಿಗೆ ಹಾಕಿದರಲ್ಲ! ತಿರುಗಿಸಿ ನೋಡಿದೆ. ಎರಡು ಕಿಂಡಿ ಮುತ್ತಿನಂತಿದ್ದವು. ಮೂರನೆಯದರಲ್ಲಿ ಉಂಗುರ ಉಗುರಿಗೆ ಅಲ್ಲಾಡಿತು. ಸರಿಯಿಲ್ಲ ಅಂದರೆ ಈ ಹಟಮಾರಿ ಎದ್ದು ಮನೆಗೆ ನಡೆದುಬಿಡುತ್ತಾರೆ. "ಚೆನ್ನಾಗಿದೆ" ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಆದರೆ ಸಡಿಲ ಕಾಜಾ ನನ್ನ ಕೈ ದಾಟಿ ಯಾವತ್ತೂ ಹೋಗಿಲ್ಲ.

"ಇಲ್ಲಿ ಎರಡು ಹೊಲಿಗೆ ಸಡಿಲ ಇದೆಯಮ್ಮಾ," ಎಂದೆ.

ಡಾಕ್ಟರಮ್ಮನ ಮುಖ ಕೆಂಪಾಯಿತು. ಕಿಟಕಿಯ ಬಳಿ ಹೋಗಿ ನೋಡಿದರು. "ಹೌದು, ಇದೆ," ಎಂದವರು ಅಲ್ಲೇ ಕೂತು ಬಿಚ್ಚಿ ಮತ್ತೆ ಹೊಲಿದರು. ಉಂಗುರ ಇನ್ನೂ ಸ್ವಲ್ಪ ಅಲ್ಲಾಡಿತು.

"ಹಿಂದಿನ ದಾರ ಎಳೆದು ಹಿಡ್ಕೊಂಡೇ ಮುಂದಿಂದು ಹಾಕು, ಮಗಳೇ," ಎಂದುಬಿಟ್ಟೆ. ಬಾಯಿ ತಪ್ಪಿ ಏಕವಚನ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಅವರು ತಲೆಯಾಡಿಸಿ ಹಾಗೇ ಮಾಡಿದರು. ಮೂರನೇ ಸಲಕ್ಕೆ ಉಂಗುರ ಅಲ್ಲಾಡಲಿಲ್ಲ.

"ಈಗ ಸರಿ," ಎಂದೆ. "ಒಳಗೆ ಹಾಕೋ ಕೊಳವೇನೂ ಹೀಗೇ ಹೊಲಿತೀನಿ," ಎಂದರು ಡಾಕ್ಟರಮ್ಮ. ನಮ್ಮವರು ಸಹಿ ಹಾಕಿದರು.

ಆಪರೇಷನ್ ಐದು ಗಂಟೆ ಹಿಡಿಯಿತು. ಮಾರನೆಯ ಬೆಳಿಗ್ಗೆ ನರ್ಸ್ ಮಂಚದ ಪಕ್ಕದ ಮೂತ್ರದ ಚೀಲ ತೋರಿಸಿ, "ನೋಡಿ, ಕಿಡ್ನಿ ಎರಡೂ ಚೆನ್ನಾಗಿ ಕೆಲಸ ಮಾಡ್ತಿವೆ," ಎಂದಳು. ಅಂಥ ಚೀಲ ನೋಡಿ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಇವರು ಕಣ್ಣು ಬಿಟ್ಟದ್ದೇ ತಡ, ತರಾಟೆಗೆ ತೆಗೆದುಕೊಂಡೆ.

"ಅಲ್ರೀ, ಪ್ರಾಣ ನಿಮ್ದಲ್ವಾ? ನಾನು ಸರಿ ಅಂದ್ರೆ ಮುಗೀತಾ? ನೀವೂ ಒಂದು ಸಲ ತಿರುಗಿಸಿ ನೋಡಬಾರ್ದಿತ್ತಾ?"

"ನಿನ್ನ ಕಾಜಾನ ಯಾವತ್ತಾದ್ರೂ ತಿರುಗಿಸಿ ನೋಡಿದೀನಾ?" ಒಣಗಿದ ತುಟಿಯಲ್ಲೇ ನಕ್ಕರು. "ಅದೊಂದನ್ನ ನೋಡೋ ಅಗತ್ಯಾನೇ ಬಿದ್ದಿಲ್ಲ ಕಣೇ ನಂಗೆ."

"ಇಷ್ಟು ಹೇಳೋಕೆ ಮೂವತ್ತೆಂಟು ವರ್ಷ ಬೇಕಾಯ್ತಾ ನಿಮಗೆ?" ಎಂದು ಬೈದೆ. ಹಿಡಿದ ಕೈ ಮಾತ್ರ ಬಿಡಲಿಲ್ಲ.