ಚಿನ್ನದ ಚೌಕಟ್ಟಿನೊಳಗಿನ ಕಣ್ಣು

ಚಿತ್ರಗಾರ ಯೆರಾಸ್ತ್ ಲೂಕಿಚ್ ಪಟದ ಮೇಲಿನ ಬಟ್ಟೆ ಸರಿಸಿದ. "ಮೊದಲು ನೀವೇ ನೋಡಿ, ಗ್ಲಫೀರಾ ಸೆಮ್ಯೋನವ್ನಾ."

ನೋಡಿದೆ.

ಕಪ್ಪು ಕೋಟು, ಗಡಿಯಾರದ ಸರಪಳಿ, ಬಾಚಿದ ಗಡ್ಡ ಎಲ್ಲ ನನ್ನ ಗಂಡ ಅಪೊಲ್ಲೋನ್ ಕಿರೀಲಿಚ್ ಅವರದೇ. ಕಣ್ಣು ಮಾತ್ರ ಊರಿನವರು ಕಂಡ ಕಣ್ಣಲ್ಲ. ಕೋಣೆಯ ಅಗುಳಿ ಹಾಕಿ ನನ್ನ ಕಡೆ ತಿರುಗುವಾಗಿನ ಕಣ್ಣು.

"ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅವತ್ತು ಅವರು ಚಿತ್ರಕ್ಕೆ ಕೂತಿದ್ದಾಗ ನೀವು ಚಹಾ ತಂದ್ರಿ, ಲೋಟ ತುಳುಕಿತು. ಅವರು ನಿಮ್ಮನ್ನ ನೋಡಿದ್ರು. ಅವರನ್ನ ನಾನು ನೋಡಿದೆ."

"ಸ್ವಲ್ಪ ತಿದ್ದಿಬಿಡಿ. ಕಾಲಿಗೆ ಬೀಳ್ತೀನಿ."

"ಕಂಡದ್ದನ್ನ ಕಾಣ್ಲಿಲ್ಲ ಅಂತ ಬರೆಯೋಕೆ ನನ್ನ ಕೈಲಾಗಲ್ಲ, ತಾಯಿ."

ನಾನೇ ಚಿತ್ರಗಾರನಿಗೆ ದೂರು ಹೇಳಿದೆನೆಂದು ನನ್ನ ಗಂಡ ತಿಳಿಯುವುದು ಖಂಡಿತ. ಪಾದ್ರಿಯ ಮುಂದೆ ಕೂಡ ಬಾಯಿ ಬಿಟ್ಟವಳಲ್ಲ ನಾನು. ಹಿಂದಿನ ವರ್ಷ ಅವರ ತಂಗಿಯ ಎದುರು ನಿಟ್ಟುಸಿರಿಟ್ಟದ್ದಕ್ಕೇ ಕ್ರಿಸ್‌ಮಸ್‌ವರೆಗೆ ನನ್ನ ತೋಳು ಮೇಲೇಳಲಿಲ್ಲ. ಅವರು ಸಭೆಗೆಂದು ಪಟ್ಟಣಕ್ಕೆ ಹೋದ ವಾರಗಳಲ್ಲಷ್ಟೇ ನಾನು ಕಣ್ತುಂಬ ನಿದ್ದೆ ಮಾಡುತ್ತಿದ್ದೆ.

ಅವರ ನಾಮದಿನ, ಅವರ ಹೆಸರಿನ ಸಂತನ ಹಬ್ಬ, ಬಂತು. ಮನೆ ತುಂಬ ನೆಂಟರು, ಮೇಜಿನ ಮೇಲೆ ಮೀನಿನ ಹೂರಣದ ದೊಡ್ಡ ಕಡುಬು. ಬೆಳಕು ಚೆನ್ನಾಗಿದೆಯೆಂದು ಆಳುಗಳು ಪಟವನ್ನು ದೇವರ ಮೂಲೆಯಲ್ಲೇ, ಸಂತರ ಪಟಗಳ ಕೆಳಗೆ ಕುರ್ಚಿಯ ಮೇಲೆ ಇಟ್ಟಿದ್ದರು. ಬಟ್ಟೆ ಸರಿಸುತ್ತಿದ್ದಂತೆ, ನನ್ನನ್ನು ಎತ್ತಿ ಆಡಿಸಿದ ದಾದಿ ಉಸ್ತೀನ್ಯಾ ಒಳಗೆ ಬಂದಳು. ಕಣ್ಣಿಗೆ ಪೊರೆ ಬಂದ ಮುದುಕಿ. ಒಳಗೆ ಬಂದವರು ಮೊದಲು ಆ ಮೂಲೆಗೆ ತಿರುಗುವಂತೆ ಅವಳೂ ತಿರುಗಿದಳು. ಮಿನುಗುವ ಚೌಕಟ್ಟು ಕಂಡು ಶಿಲುಬೆಯ ಗುರುತು ಹಾಕಿ ನೆಲ ಮುಟ್ಟಿ ನಮಸ್ಕರಿಸಿದಳು. ಮುತ್ತಿಡಲು ಮುಖ ಹತ್ತಿರ ತಂದವಳು ತಟ್ಟನೆ ಹಿಂದೆ ಸರಿದಳು.

"ಇದ್ಯಾವ ಸಂತ, ಅಮ್ಮಣ್ಣಿ? ನನ್ ಮೇಲೆ ಯಾಕಿಷ್ಟು ಕೋಪ?"

ನೆಂಟರು ಬಿದ್ದುಬಿದ್ದು ನಕ್ಕರು. "ಬದುಕಿರುವಾಗ್ಲೇ ಸಂತರಾದ್ರಿ, ಅಪೊಲ್ಲೋನ್ ಕಿರೀಲಿಚ್," ಎಂದರು ಪಕ್ಕದ ಜಮೀನಿನವರು. "ಇನ್ನು ಮೇಣದಬತ್ತಿ ಹಚ್ಚೋದೊಂದೇ ಬಾಕಿ."

ನನ್ನ ಗಂಡ ನಗಲಿಲ್ಲ. ಪಟವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಟವನ್ನು.

"ಚೆನ್ನಾಗಿದೆ," ಎಂದರು. "ನಾನೇ."

ನೆಂಟರ ಬಂಡಿಗಳು ಹೊರಟವು. ನನ್ನ ಗಂಡ ಆಳುಗಳನ್ನು ಕರೆಯಲಿಲ್ಲ. ತಾವೇ ಪಟ ಹೊತ್ತು ನನ್ನ ಮಲಗುವ ಕೋಣೆಗೆ ಬಂದರು. ಮಂಚದ ಎದುರಿನ ಗೋಡೆಯನ್ನು ಅಂಗೈಯಿಂದ ಸವರಿದರು.

"ಪಟ್ಟಣಕ್ಕೆ ಅಂತ ನಾನು ಆಗಾಗ ಹೋಗ್ತಿರ್ತೀನಲ್ಲ, ಗ್ಲಾಶಾ," ಎಂದರು ಮೆತ್ತಗೆ. "ನಿನಗೆ ಒಂಟಿ ಅನ್ನಿಸಬಾರದು."

ಮೊಳೆ ಹಿಡಿದುಕೊಳ್ಳಲು ಹೇಳಿದರು. ಎರಡು ಬೆರಳಲ್ಲಿ ಗೋಡೆಗೆ ಒತ್ತಿ ಹಿಡಿದೆ. ಅವರು ಸುತ್ತಿಗೆ ಎತ್ತಿದರು.